ಹಗ್ಗಕ್ಕೆ ಹಾಕದ ನೀರು

ಕಲ್ಯಾಣಿ, ನಿನ್ನ ದೋಣಿಯ ಹಗ್ಗ ಬಿಚ್ಚಿದವಳು ನಾನು.

ಈ ಒಂದು ಸಾಲು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಬರೆದ ಮೇಲೆ ಎದ್ದುಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿದೆ, ಕಿಟಕಿಯ ಪರದೆ ಸರಿಮಾಡಿದೆ, ಪೆನ್ನಿಗೆ ಶಾಯಿ ತುಂಬಿಸಿದೆ — ಬಂದು ನೋಡಿದರೆ ಸಾಲು ಅಲ್ಲಿಯೇ ಇತ್ತು. ಬಂಟ್ವಾಳದ ದೋಣಿ ಕಡವಿನಲ್ಲಿ ಎಲ್ಲರೂ, ನಿನ್ನ ಅಪ್ಪನೂ, ಕೊನೆಗೆ ನೀನೂ, ಆ ದಿನ ಗಂಟು ಹಾಕುವಾಗ ನಿನ್ನ ಕೈ ತಪ್ಪಿತು ಎಂದೇ ನಂಬಿದಿರಿ. ನಿನ್ನ ಕೈ ತಪ್ಪಲಿಲ್ಲ. ನನ್ನ ಕೈ ತಪ್ಪಿತು ಎಂದು ಬರೆದರೂ ಅದು ಸುಳ್ಳಾಗುತ್ತದೆ, ಏಕೆಂದರೆ ನನ್ನ ಕೈ ಏನು ಮಾಡುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಪ್ರತಿ ತಿಂಗಳೂ ಇಗರ್ಜಿಯಲ್ಲಿ ಮೊಣಕಾಲೂರಿ ಪಾಪನಿವೇದನೆ ಮಾಡುತ್ತೇನೆ. ಕೆಲಸದವಳ ಮೇಲೆ ರೇಗಿದ್ದು, ಪ್ರಾರ್ಥನೆಯ ನಡುವೆ ನಿದ್ದೆ ತೂಗಿದ್ದು, ಎಲ್ಲ ಹೇಳುತ್ತೇನೆ. ಹೊಟ್ಟೆಕಿಚ್ಚು ಎಂಬ ಮಾತನ್ನೂ ಹೇಳಿದ್ದೇನೆ. ಯಾರ ಮೇಲೆ, ಏನು ಮಾಡಿದೆ ಎಂದು ಹೇಳಿಲ್ಲ. ಜಾಲರಿಯ ಆಚೆಯಿಂದ ಪಾದ್ರಿಗಳು ಮೂರು ಪ್ರಾರ್ಥನೆ ಹೇಳಿಕೊಳ್ಳುವಂತೆ ಹೇಳುತ್ತಿದ್ದರು, ನಾನು ಹೇಳಿಕೊಂಡು ಹಗುರವಾದವಳಂತೆ ಮನೆಗೆ ಬರುತ್ತಿದ್ದೆ.

ಆಗ ನಮಗೆ ಮದುವೆಯಾಗಿ ನಾಲ್ಕನೆಯ ವರ್ಷ. ಇವರು ಹಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಕಡವಿನ ಮೇಲೆ ಕಡಿದಾಗಿ ಏರಿದ ದರೆಯಲ್ಲಿ ನಮ್ಮ ಬಾಡಿಗೆಯ ಮನೆ. ಊಟದ ಕೋಣೆಯ ಕಿಟಕಿಯಿಂದ ನೇತ್ರಾವತಿ ಪೂರ್ತಿ ಕಾಣುತ್ತಿತ್ತು — ದೋಣಿಗಳು, ಕಲ್ಲಿನ ಮೆಟ್ಟಿಲು, ದೋಣಿ ಕಟ್ಟುವ ಗೂಟಗಳು. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ನನಗೆ ಬಟ್ಟೆಗೆ ಹೂ ಹಾಕುವುದು ಗೊತ್ತು, ಕೇಕು ಗೊತ್ತು, ಪಿಯಾನೊದಲ್ಲಿ ಎರಡು ಸ್ತೋತ್ರ ಗೊತ್ತು. ಹೊಳೆ ಗೊತ್ತಿರಲಿಲ್ಲ.

ಕಾರ್ಖಾನೆಯ ದೊರೆ ಊರು ಬಿಟ್ಟು ಹೋಗುವಾಗ ಒಂದು ಸಣ್ಣ ದೋಣಿಯನ್ನು ಇವರಿಗೆ ಕೊಟ್ಟು ಹೋದರು. ಇಬ್ಬರು ಕೂರುವಂಥದ್ದು, ಎರಡು ಹುಟ್ಟು. ಇವರು ಅದಕ್ಕೆ ಬಿಳಿ ಬಣ್ಣ ಹೊಡೆದು, ಅಂಚಿಗೆ ನೀಲಿ ಪಟ್ಟೆ ಎಳೆದು, ಮೂತಿಯ ಮೇಲೆ ನನ್ನ ಹೆಸರು ಬರೆದರು — ಲಿಲ್ಲಿ. ಎರಡನೆಯ 'ಲ' ಸ್ವಲ್ಪ ಕೆಳಗೆ ಜಾರಿತ್ತು. ನಾನು ಒಂದೇ ಸಲ ಅದರಲ್ಲಿ ಕೂತೆ. ನಡುಹೊಳೆಯಲ್ಲಿ ತಲೆ ಸುತ್ತಿ ವಾಂತಿಯಾಯಿತು. ಮತ್ತೆ ಕಾಲಿಡಲಿಲ್ಲ.

ಕಡವಿನವರಿಗೆ ಆ ದೋಣಿ ಒಂದು ತಮಾಷೆ. ಅಲ್ಲಿಯ ಹಿರಿಯ ಐತಪ್ಪ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಅಂದಿದ್ದ, "ಮೀನು ಹಿಡಿಯುವುದಿಲ್ಲ, ಉಪ್ಪು ತರುವುದಿಲ್ಲ, ಜನ ದಾಟಿಸುವುದಿಲ್ಲ. ಇದು ದೋಣಿಯಾ, ತೊಟ್ಟಿಲಾ, ಪೊರ್ಬುಗಳೇ?" ನಮ್ಮವರನ್ನು ನಿಮ್ಮವರು ಹಾಗೆಯೇ ಕರೆಯುವುದಲ್ಲವೇ, ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮ. ಇವರು ನಕ್ಕರು. ಕಿಟಕಿಯಲ್ಲಿದ್ದ ನಾನು 'ತೊಟ್ಟಿಲು' ಎಂಬ ಮಾತಿಗೆ ಒಳಗೆ ಹೋದೆ. ಯಾಕೆ ಎಂದು ಮುಂದೆ ಬರೆಯುತ್ತೇನೆ.

ಆಮೇಲೆ ನೀನು ಬಂದೆ. ಕುಪ್ಪಸದ ತೋಳು ಒದ್ದೆ, ಕೈಯಲ್ಲಿ ತುಂಡಾದ ಎರಡು ಹುರಿ. ನೀರಿನ ತಳದಲ್ಲಿ ಸಿಗಡಿಗೆಂದು — ನಿಮ್ಮ ಮಾತಿನಲ್ಲಿ ಎಟ್ಟಿ — ಇಡುವ ಬಿದಿರಿನ ಕೂಳಿಗಳಿಗೆ ನೀವು ಹುರಿ ಕಟ್ಟಿ, ಗುರುತಿಗೆ ತೆಂಗಿನ ಸಿಪ್ಪೆ ತೇಲಿ ಬಿಡುವುದೆಂದು ನನಗೆ ತಿಳಿದದ್ದೇ ಆ ದಿನ.

"ಪೊರ್ಬುಗಳು ಇದ್ದಾರಾ ಬಾಯಮ್ಮ? ಅವರ ಹುಟ್ಟಿಗೆ ಸಿಕ್ಕಿ ನನ್ನ ಎರಡು ಕೂಳಿ ಹೋಯ್ತು. ಹೊಳೆ ಅವರದ್ದೇ ಆದರೆ ಒಂದು ಬೋರ್ಡು ಹಾಕಲಿ. ನಾವು ಗುಡ್ಡೆಯಲ್ಲಿ ಎಟ್ಟಿ ಹಿಡಿಯುತ್ತೇವೆ."

ನೀನು ಹೇಳಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಅದರ ಖಾರ ಅರ್ಧವೂ ಬರುವುದಿಲ್ಲ. ನಿನ್ನ ಸೆರಗಿನಿಂದ ತೊಟ್ಟಿಕ್ಕಿದ ನೀರು ನನ್ನ ಕಾವಿ ನೆಲದ ಮೇಲೆ ಎರಡು ಕಲೆ ಮಾಡಿತ್ತು. ಇವರು ಒಳಗಿನಿಂದ ಬಂದು, ತಪ್ಪಾಯಿತು ಎಂದರು. ಅಷ್ಟೇ ಅಲ್ಲ, "ನನಗೆ ತೋರಿಸಿ ಕೊಡು ಮಾರಾಯ್ತಿ, ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು" ಎಂದು ಚಪ್ಪಲಿ ಹಾಕಿ ಹೊರಟೇಬಿಟ್ಟರು.

ಹಾಗೆ ಆ ಒಪ್ಪಂದ ಆಯಿತು. ನಿನ್ನ ಅಪ್ಪ ಅಣ್ಣುವಿಗೆ ಬಲಗೈ ಬಿದ್ದುಹೋದ ಮೇಲೆ ದೋಣಿ ನಿನ್ನ ಕೈಗೆ ಬಂದಿತ್ತು. ಇಪ್ಪತ್ತರ ಹುಡುಗಿ ಹುಟ್ಟು ಹಾಕುವುದು ಕಡವಿನವರಿಗೆ ಅಷ್ಟು ಹಿಡಿಸಿರಲಿಲ್ಲ. ಆದರೆ ಬಂಡೆಯ ಮರೆಯಲ್ಲಿದ್ದ ಗೂಟ ನಿಮ್ಮದು, ಅಣ್ಣು ತನ್ನ ಪ್ರಾಯದಲ್ಲಿ ನೆಟ್ಟದ್ದು. ಎಷ್ಟು ನೀರು ಬಂದರೂ ಅಲ್ಲಿ ಸೆಳೆತ ಕಡಿಮೆ. ಐತಪ್ಪನ ಕಣ್ಣು ಆ ಗೂಟದ ಮೇಲೆ ಮೊದಲಿನಿಂದಲೂ ಇತ್ತು. ನೀನು ಬಿಳಿ ದೋಣಿಗೂ ಅದೇ ಗೂಟದಲ್ಲಿ ಜಾಗ ಕೊಟ್ಟೆ. ಅದಕ್ಕೆ ಬದಲಾಗಿ, ಇವರು ನಿನ್ನ ದೋಣಿಯ ಹಿಂದೆಯೇ ಹೋಗಬೇಕು, ಕೂಳಿಯ ಸಾಲು ದಾಟುವವರೆಗೆ.

ಒಂದು ಗೂಟಕ್ಕೆ ಎರಡು ದೋಣಿ ಕಟ್ಟುವಾಗ ಕಡವಿಗೆ ಅದರದೇ ಕಟ್ಟಳೆ ಉಂಟು — ಇವರು ಊಟಕ್ಕೆ ಕೂತಾಗ ಹತ್ತು ಸಲ ಹೇಳಿ ನನಗೂ ಬಾಯಿಪಾಠವಾಗಿತ್ತು. ಇನ್ನೊಬ್ಬರ ಹಗ್ಗ ಮುಟ್ಟಬಾರದು. ಅಡಿಯ ಹಗ್ಗ ತೆಗೆಯಲು ಮೇಲಿನದನ್ನು ಎತ್ತಲೇಬೇಕಾದರೆ, ಹೊರಡುವ ಮುಂಚೆ ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು ಹಾಕಿ, ಗಂಟು ಬಿಗಿದು, ಅದರ ಮೇಲೆ ಒಂದು ಬೊಗಸೆ ನೀರು ಹಾಕಬೇಕು. ತೆಂಗಿನ ನಾರಿನ ಹಗ್ಗ ಒಣಗಿದ್ದರೆ ಜಾರುತ್ತದೆ, ನೆನೆದರೆ ಉಬ್ಬಿ ಕಚ್ಚುತ್ತದೆ. ನೀನು ನೀರು ಹಾಕಿ ಅಂಗೈಯಿಂದ ಮೂರು ಸಲ ತಟ್ಟುತ್ತಿದ್ದೆ, ಮಗುವನ್ನು ತಟ್ಟಿ ಮಲಗಿಸುವ ಹಾಗೆ.

ಇವರ ಬಾಯಲ್ಲಿ ಆಮೇಲೆ ನಿನ್ನ ಹೆಸರೇ. "ಕಲ್ಯಾಣಿ ಹೇಳ್ತಾಳೆ, ಇಲ್ಲಿ ಬಿಸಿಲಿದ್ದರೂ ನೆರಿಯದ ಆಚೆ ಘಟ್ಟದಲ್ಲಿ ಮಳೆ ಬಿದ್ದರೆ ಹೊಳೆ ಮೊದಲು ಅಂಚಿನಲ್ಲಿ ಕೆಂಪಾಗುತ್ತದಂತೆ." "ಕಲ್ಯಾಣಿ ಹೇಳ್ತಾಳೆ, ನೀಲಿ ಕೈಯ ದೊಡ್ಡ ಸಿಗಡಿ ಕೊಳೆತ ತೆಂಗಿನಕಾಯಿಗೆ ಬರುವುದಿಲ್ಲ, ಹಸಿ ಕಾಯಿಯೇ ಬೇಕಂತೆ." ನಾನು ಬಡಿಸುತ್ತಾ ಹೂಂ ಅನ್ನುತ್ತಿದ್ದೆ. ಮದುವೆಯಾದ ವರ್ಷ ಇವರು ನನ್ನ ಹತ್ತಿರ ಪುಸ್ತಕದ ಮಾತು ಆಡುತ್ತಿದ್ದರು, ನಾನು ಹಾಕಿದ ಹೂವಿನ ಹೆಸರು ಕೇಳುತ್ತಿದ್ದರು. ಈಗ ನನಗೆ ಹೇಳಲು ಇದ್ದದ್ದೇನು — ಅಗಸ ಒಂದು ದಿಂಬಿನ ಚೀಲ ಕಳೆದ ಎಂದೇ? ನಿನಗೆ ಹೇಳಲು ಒಂದು ಹೊಳೆಯೇ ಇತ್ತು.

ಸಂಜೆ ಐದಕ್ಕೆ ಕಿಟಕಿಯ ಬಳಿ ಕೂತು ಹೊಲಿಯುವುದು ನನಗೆ ಅಭ್ಯಾಸವಾಯಿತು. ಹೊಲಿಗೆ ಒಂದು ನೆಪ. ಮುಂದೆ ನಿನ್ನ ಕಪ್ಪು ದೋಣಿ, ಹಿಂದೆ ನನ್ನ ಹೆಸರಿನ ಬಿಳಿ ದೋಣಿ. ಇಬ್ಬರ ನಡುವೆ ಯಾವಾಗಲೂ ನಾಲ್ಕು ಮಾರು ನೀರು ಇರುತ್ತಿತ್ತು, ಊರಿಗೆಲ್ಲ ಕಾಣುತ್ತಿತ್ತು, ತಪ್ಪು ಹುಡುಕಲು ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನೀನು ತಿರುಗಿ ಏನೋ ಹೇಳುವುದು, ಇವರು ತಲೆ ಹಿಂದೆ ಮಾಡಿ ನಗುವುದು — ನಗು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಂದು ಸಂಜೆ ಕೇಳಿಯೂ ಬಿಟ್ಟಿತು. ಬಿಳಿ ದೋಣಿಯ ತಳದಲ್ಲಿ ಬಿರುಕು ಬಿಟ್ಟು ನೀರು ಒಸರುತ್ತಿತ್ತು. ನೀನು ಕೂಗಿ ಹೇಳಿದೆ, "ಲಿಲ್ಲಿಗೆ ಹೊಟ್ಟೆ ತುಂಬಿತು ಪೊರ್ಬುಗಳೇ, ಬೇಗ ಖಾಲಿ ಮಾಡಿ!" ನಿನಗೆ ಅದು ದೋಣಿ ಮಾತ್ರ. ನಾನು ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡೆ.

ಒಂದು ಬೆಳಿಗ್ಗೆ ಹಾಸಿಗೆ ಸರಿಮಾಡುವಾಗ ನೋಡಿದೆ. ಸೊಳ್ಳೆಪರದೆಯ ನಾಲ್ಕು ಮೂಲೆಯ ಲಾಡಿಗಳನ್ನು ಇವರು ಹೊಸದಾಗಿ ಕಟ್ಟಿದ್ದರು. ಕಾನ್ವೆಂಟಿನ ಹೊಲಿಗೆಯ ಸಿಸ್ಟರ್ ಕಲಿಸಿದ ಗಂಟುಗಳೆಲ್ಲ ನನಗೆ ಗೊತ್ತು, ಇದು ಅವುಗಳಲ್ಲಿ ಯಾವುದೂ ಅಲ್ಲ. ಮೂರು ಸುತ್ತು, ಒಂದು ಕುಣಿಕೆ, ತುದಿ ಅಡಿಗೆ. ನನ್ನ ಮಂಚದ ನಾಲ್ಕು ಮೂಲೆಯಲ್ಲಿಯೂ ನೀನು ಗೂಟಕ್ಕೆ ಹಾಕುವ ಗಂಟು.

ಆದರೂ ನಾನು ಏನೂ ಮಾಡುತ್ತಿರಲಿಲ್ಲವೇನೋ — ಇಲ್ಲ, 'ಏನೋ' ಎಂಬ ಮಾತು ಇಲ್ಲಿ ಬೇಡ. ನಡೆದದ್ದು ಬರೆಯುತ್ತೇನೆ.

ಮೇ ತಿಂಗಳ ಕೊನೆ. ನೀನು ನಮ್ಮ ಹಿತ್ತಿಲ ಬಾಗಿಲಿಗೆ ಬಂದೆ. ತೇಗದ ಎಲೆಯಲ್ಲಿ ನಾಲ್ಕು ಸಿಗಡಿ ಕಟ್ಟಿ ತಂದಿದ್ದೆ, ನೀಲಿ ಕೈಗಳು ಎಲೆಯಿಂದ ಹೊರಗೆ ಚಾಚಿದ್ದವು. "ಇದರ ಸಾರು ಮಾಡಿ ಕುಡಿಯಿರಿ ಬಾಯಮ್ಮ, ಮೈಗೆ ಒಳ್ಳೆಯದು" ಎಂದೆ. ಆಮೇಲೆ ದನಿ ತಗ್ಗಿಸಿ, ನನ್ನ ಮುಖ ನೋಡದೆ ಅಂದೆ:

"ಬೇಸರ ಮಾಡಬೇಡಿ. ಐದು ತಿಂಗಳಿನದ್ದು ಹೋದರೂ ಮುಂದಿನದ್ದು ನಿಲ್ಲುತ್ತದೆ. ನನ್ನ ಅಕ್ಕನಿಗೂ ಹಾಗೆಯೇ ಆಗಿತ್ತು. ಪೊರ್ಬುಗಳು ಹೇಳಿದರು."

ಕಲ್ಯಾಣಿ, ಆ ಮಗುವಿನ ವಿಷಯ ಬಂಟ್ವಾಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಬಂದು, ಟೈಫಾಯ್ಡ್ ಎಂದು ಹೇಳಿದ್ದೆವು. ಇವರೂ ನಾನೂ ಅದನ್ನು ಒಮ್ಮೆಯೂ ನಮ್ಮೊಳಗೆ ಮಾತಾಡಿರಲಿಲ್ಲ. ನಾನು ಅತ್ತಾಗ ಇವರು ಅಂಗಳಕ್ಕೆ ಹೋಗುತ್ತಿದ್ದರು. ಇವರಿಗೆ ಆ ದುಃಖ ಇಲ್ಲ ಎಂದೇ ನಾನು ತಿಳಿದಿದ್ದೆ. ಇತ್ತು — ಅದನ್ನು ಇವರು ಹೊಳೆಗೆ ಒಯ್ದು ನಿನ್ನ ಮುಂದೆ ಇಳಿಸಿದ್ದರು. ನನ್ನ ಮುಂದೆ ಇಳಿಸಲು ಸಾಧ್ಯವಾಗದ್ದನ್ನು.

ನಿನ್ನ ಮಾತಿನಲ್ಲಿ ಕರುಣೆಯಲ್ಲದೆ ಬೇರೇನೂ ಇರಲಿಲ್ಲ, ಇಂದು ಅದು ತಿಳಿಯುತ್ತದೆ. ಅಂದು ಆ ಕರುಣೆಯೇ ನನ್ನನ್ನು ಸುಟ್ಟದ್ದು. "ಸಂತೋಷ" ಎಂದು ಎಲೆಯ ಕಟ್ಟು ಇಸಿದುಕೊಂಡೆ. ನೀನು ದರೆ ಇಳಿದು ಹೋದ ಮೇಲೆ ಸಿಗಡಿಗಳನ್ನು ಬಾಳೆಯ ಬುಡಕ್ಕೆ ಎಸೆದೆ. ಒಂದಕ್ಕೆ ಇನ್ನೂ ಜೀವ ಇತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನೀನು ಕೂಳಿ ಎತ್ತಿ ಬಂದು ದೋಣಿ ಕಟ್ಟಿದ್ದನ್ನು ಕಿಟಕಿಯಿಂದ ನೋಡಿದೆ. ಬಿಳಿ ದೋಣಿಯ ಹಗ್ಗದ ಮೇಲೆ ನಿನ್ನದು, ಮೂರು ಸುತ್ತು. ಬೊಗಸೆ ನೀರು. ನೀನು ಮೂರು ಸಲ ತಟ್ಟಿದೆ. ಜಡೆ ಬಿಚ್ಚಿ ಮತ್ತೆ ತುರುಬು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಹೋದೆ. ಇದನ್ನು ಇಷ್ಟು ಬಿಡಿಸಿ ಏಕೆ ಬರೆಯುತ್ತೇನೆಂದು ನಿನಗೆ ಆಮೇಲೆ ತಿಳಿಯುತ್ತದೆ.

ಮಧ್ಯಾಹ್ನ ಇವರು ಊಟ ಮಾಡಿ ಕಾರ್ಖಾನೆಗೆ ಹೋದರು. ಕಡವಿನವರು ಮಲಗುವ ಹೊತ್ತು. ನಾನು ಕೊಡೆ ಬಿಡಿಸಿಕೊಂಡು ಇಳಿದೆ. ಬಿಚ್ಚಬೇಕೆಂದು ಹೋದದ್ದು ಬಿಳಿ ದೋಣಿಯನ್ನು. ಅದು ಹೋಗಲಿ, ಅದರ ಜೊತೆ ಸಂಜೆಗಳೂ ಹೋಗಲಿ — ಅಷ್ಟೇ ತಲೆಯಲ್ಲಿ ಇತ್ತು. ಅದರ ಹಗ್ಗ ಅಡಿಯಲ್ಲಿ. ಮೇಲಿದ್ದ ನಿನ್ನ ಹಗ್ಗವನ್ನು ಮೊದಲು ಎತ್ತಬೇಕಾಯಿತು. ನಿನ್ನ ಗಂಟನ್ನು ಸಡಿಲಿಸಲು ಉಗುರು ಮುರಿಯಿತು, ಅಷ್ಟು ಕಚ್ಚಿತ್ತು. ಬಿಚ್ಚಿ, ಹಗ್ಗದ ತುದಿಯನ್ನು ಬಂಡೆಯ ಮೇಲೆ ಕಾಲಡಿ ಹಾಕಿಕೊಂಡೆ. ಹಗ್ಗ ಬಿಸಿಲಿಗೆ ಅಲ್ಲಿಯೇ ಒಣಗತೊಡಗಿತು.

ಆಮೇಲೆ ಬಿಳಿ ದೋಣಿಯ ಗಂಟಿಗೆ ಕೈಹಾಕಿದೆ. ಕಣ್ಣೆತ್ತಿದರೆ ಎದುರಿಗೆ ನನ್ನ ಹೆಸರು, ಜಾರಿದ ಆ 'ಲ'. ಇವರು ನೆಲದ ಮೇಲೆ ಹೊಟ್ಟೆ ಅಡಿಮಾಡಿ ಮಲಗಿ, ನಾಲಿಗೆ ಕಚ್ಚಿಕೊಂಡು ಅದನ್ನು ಬರೆದದ್ದು ನೆನಪಾಯಿತು. ನನ್ನಿಂದ ಆಗಲಿಲ್ಲ. ನನ್ನ ಹೆಸರನ್ನು ನೀರಿಗೆ ಬಿಡಲು ಆಗಲಿಲ್ಲ.

ಅಲ್ಲಿಗೆ ನಿಲ್ಲಿಸಿ ಬರಬಹುದಿತ್ತು. ನಿನ್ನ ಹಗ್ಗವನ್ನು ಇದ್ದ ಹಾಗೆ ಕಟ್ಟಿ ಬರಬೇಕಿತ್ತು. ಒಂದು ಸುತ್ತು ಹಾಕಿದೆ. ಎರಡನೆಯದು ಹಾಕಲಿಲ್ಲ. ತುದಿಯನ್ನು ಸುಮ್ಮನೆ ಅಡಿಗೆ ಸಿಕ್ಕಿಸಿದೆ, ನೋಡಿದವರಿಗೆ ಗಂಟಿನ ಹಾಗೆ ಕಾಣುವಂತೆ. ಕಟ್ಟಳೆ ನೆನಪಿತ್ತು. ಬಗ್ಗಿ ಬೊಗಸೆಯಲ್ಲಿ ನೀರನ್ನೂ ಎತ್ತಿದೆ. ಆ ನೀರು ಕೆಂಪಾಗಿತ್ತು, ಕಲ್ಯಾಣಿ. ಅಂಚಿನಲ್ಲಿ ಮಾತ್ರ, ಸೀರೆಯ ಅಂಚಿನಷ್ಟು ಅಗಲ. ನೆರಿಯದ ಆಚೆ ಮಳೆ ಬಿದ್ದಿದೆ ಎಂದು ನನಗೆ ಅರ್ಥವಾಯಿತು, ನಿನ್ನ ಪಾಠವನ್ನು ನಾನೂ ಕಲಿತಿದ್ದೆನಲ್ಲ. ಬೊಗಸೆ ಗಂಟಿನ ಮೇಲೆಯೇ ಇತ್ತು. ಬೆರಳ ಸಂದಿನಲ್ಲಿ ಸಣ್ಣ ಮರಳಿನ ಕಾಳು, ನನ್ನ ಉಂಗುರ. ಕೈಯನ್ನು ಪಕ್ಕಕ್ಕೆ ತಂದು ಬಂಡೆಯ ಮೇಲೆ ಚೆಲ್ಲಿದೆ.

ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತವಳು ನೀರನ್ನು ಎತ್ತುವುದಿಲ್ಲ.

ನಾಲ್ಕು ಗಂಟೆಗೆ ಬೊಬ್ಬೆ ಕೇಳಿ ನಾನೂ ಕಡವಿಗೆ ಇಳಿದೆ. ಹೊಳೆ ಏರಿತ್ತು. ನಿನ್ನ ದೋಣಿ ಗೂಟದಲ್ಲಿ ಇರಲಿಲ್ಲ, ಅದರಲ್ಲಿ ಆ ವಾರ ನೀನೂ ಅಪ್ಪನೂ ಹೆಣೆದ ಹೊಸ ಕೂಳಿಗಳೆಲ್ಲ ಇದ್ದವು. ಇವರು ಕಾರ್ಖಾನೆಯಿಂದ ಓಡಿ ಬಂದರು. ಬಿಳಿ ದೋಣಿಯನ್ನು ಬಿಚ್ಚಿ ಹತ್ತಿದರು, ಹಿಂದೆಯೇ ನೀನೂ ಹಾರಿ ಹತ್ತಿದೆ. ನನ್ನ ಹೆಸರಿನ ದೋಣಿಯಲ್ಲಿ ನೀನು ಕೂತದ್ದು ಅದೇ ಮೊದಲು, ಅದೇ ಕೊನೆ. ನಾನು ಹೆದರುತ್ತಿದ್ದ ನೋಟವನ್ನು ನಾನೇ ಮಾಡಿ ನನ್ನ ಕಣ್ಣ ಮುಂದೆ ಇಟ್ಟುಕೊಂಡೆ. ಕೆಂಪು ನೀರಿನಲ್ಲಿ ನೀವಿಬ್ಬರೂ ಸಣ್ಣದಾಗುತ್ತಾ ಹೋದಿರಿ. ಆಗ ನಾನು ದೇವರಲ್ಲಿ ಕೇಳಿದ್ದು ಇವರೊಬ್ಬರನ್ನು ಉಳಿಸೆಂದು. ನಿನ್ನನ್ನು ಉಳಿಸೆಂದು ಕೇಳಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಪಾಣೆಮಂಗಳೂರಿನ ಸಂಕದ, ಆ ಸೇತುವೆಯ ಕಂಬಕ್ಕೆ ಬಡಿದು ನಿನ್ನ ದೋಣಿ ಎರಡು ಹೋಳಾಗಿತ್ತು. ಕೂಳಿ ಒಂದೂ ಸಿಗಲಿಲ್ಲ. ನೀವು ತಂದದ್ದು ಮೂತಿಯ ಹಲಗೆ ಒಂದು, ಅದಕ್ಕೆ ಕಟ್ಟಿದ್ದ ಹಗ್ಗ ಒಂದು. ಮೆಟ್ಟಿಲ ಮೇಲೆ ಐತಪ್ಪ ಆ ಹಗ್ಗದ ತುದಿ ಹಿಡಿದು ಎಲ್ಲರಿಗೂ ತೋರಿಸಿದ.

"ನೋಡಿ, ಹರಿದದ್ದಲ್ಲ, ಕಡಿದದ್ದಲ್ಲ. ಜಾರಿದ್ದು. ಕಣ್ಣು ಗೂಟದ ಮೇಲೆ ಇದ್ದರಲ್ಲವಾ ಗಂಟು ನಿಲ್ಲುವುದು? ಇವಳ ಕಣ್ಣು ಬಿಳಿ ದೋಣಿಯ ಮೇಲೆ."

ಯಾರೋ ನಕ್ಕರು. ಇವರು ಮುಖ ಬಿಗಿದು ನಿಂತರು, ಮಾತಾಡಿದರೆ ನಿನಗೇ ಕೆಟ್ಟದು ಎಂದು ಸುಮ್ಮನಿದ್ದರು. ಅಣ್ಣು ಎಡಗೈಯಿಂದ ಹಗ್ಗ ಸುತ್ತುತ್ತಾ ನಿನ್ನನ್ನು ಒಂದೇ ಮಾತು ಕೇಳಿದ, "ನೀರು ಹಾಕಲಿಲ್ಲವಾ ಮಗಾ?" ನೀನು "ಹಾಕಿದೆ ಅಪ್ಪ" ಎಂದೆ. ಅವನು ಮತ್ತೆ ಕೇಳಲಿಲ್ಲ. ಕೇಳದಿದ್ದದ್ದೇ ನಿನಗೆ ಹೆಚ್ಚು ನೋವಾಯಿತು ಎಂದು ನಿನ್ನ ಬಗ್ಗಿದ ಕುತ್ತಿಗೆ ನೋಡಿದರೆ ತಿಳಿಯುತ್ತಿತ್ತು.

ಇನ್ನು ಬರೆಯುವುದು ಹಗ್ಗಕ್ಕಿಂತ ದೊಡ್ಡ ಪಾಪ.

ಐದಾರು ದಿನ ಕಳೆದು ಒಂದು ಬೆಳಿಗ್ಗೆ ನೀನು ಮತ್ತೆ ಹಿತ್ತಿಲ ಬಾಗಿಲಿಗೆ ಬಂದೆ. ಮಳೆ ಸಣ್ಣಗೆ ಹೊಯ್ಯುತ್ತಿತ್ತು. ನೀನು ಒಳಗೆ ಬರಲಿಲ್ಲ, ಹಂಚಿನ ನೀರು ಬೀಳುವಲ್ಲಿಯೇ ನಿಂತೆ.

"ಬಾಯಮ್ಮ, ನೀವು ಕಿಟಕಿಯಲ್ಲಿ ಕೂತು ಹೊಲಿಯುತ್ತೀರಲ್ಲ. ಆ ದಿನ ಬೆಳಿಗ್ಗೆ ನಾನು ನೀರು ಹಾಕಿದ್ದು ನೋಡಿದ್ದೀರಾ? ಹಾಕಿದೆ ಎಂದೇ ನನ್ನ ಮನಸ್ಸಿನಲ್ಲಿ ಉಂಟು. ಆದರೆ ಎಲ್ಲರೂ ಹೇಳಿ ಹೇಳಿ ಈಗ ನನಗೇ ನಂಬಿಕೆ ಇಲ್ಲ. ನೀವು ಒಂದು ಮಾತು ಹೇಳಿದರೆ ಅಪ್ಪ ನಂಬುತ್ತಾನೆ."

ನೀನು ದೋಣಿ ಕೇಳಲಿಲ್ಲ, ಸಹಾಯ ಕೇಳಲಿಲ್ಲ. ನಿನ್ನ ಕೈ ಮಾಡಿದ್ದನ್ನು ನಿನಗೆ ಹಿಂದೆ ಕೊಡಬೇಕೆಂದು ಕೇಳಿದೆ. ನಾನು ಬಿಚ್ಚಿದ್ದನ್ನು ಮುಚ್ಚಿಟ್ಟೂ ಆ ಒಂದು ಮಾತು ಹೇಳಬಹುದಿತ್ತು.

"ನಾನು ನೋಡಲಿಲ್ಲ, ಕಲ್ಯಾಣಿ."

ನೀನು ತಲೆ ಅಲ್ಲಾಡಿಸಿದೆ. "ಹಾಗಾದರೆ ಹಾಕಲಿಲ್ಲವೇನೋ" ಎಂದು ನಿನಗೆ ನೀನೇ ಹೇಳಿಕೊಂಡು, ಅಂಗೈಯನ್ನು ಒಮ್ಮೆ ನೋಡಿಕೊಂಡು ಹೋದೆ.

ಆ ವಾರವೇ ಇವರು ಬಿಳಿ ದೋಣಿಯನ್ನು ನಿನಗೆ ಕೊಟ್ಟುಬಿಡುವ ಎಂದರು. ಕಡವಿನ ಕ್ರಮ ನಿನಗೆ ಗೊತ್ತೇ ಇದೆ, ಒಂದು ಮಳೆಗಾಲ ದೋಣಿಯಿಲ್ಲದೆ ಕಳೆದರೆ ಗೂಟ ಮುಂದಿನವರಿಗೆ. "ನಾವು ಕೊಟ್ಟರೆ ಗೂಟವಾದರೂ ಉಳಿಯುತ್ತದೆ ಲಿಲ್ಲಿ. ಬಣ್ಣ ಬದಲಾಯಿಸಿಕೊಳ್ಳಲಿ." ನಾನು ಅಕ್ಕಿ ಆರಿಸುತ್ತಿದ್ದೆ. "ನನ್ನ ಹೆಸರಿನ ದೋಣಿ ಅಲ್ಲವಾ?" ಎಂದೆ. ಮತ್ತೇನೂ ಹೇಳಬೇಕಾಗಲಿಲ್ಲ. ಇವರು ಎದ್ದು ಅಂಗಳಕ್ಕೆ ಹೋದರು. ಆ ದೋಣಿಯನ್ನು ದರೆಯ ಮೇಲೆ ಕವುಚಿ ಹಾಕಿದರು, ಮತ್ತೆ ನೀರಿಗೆ ಇಳಿಸಲಿಲ್ಲ. ನಾಲ್ಕು ವರ್ಷಕ್ಕೆ ಗೆದ್ದಲು ತಿಂದು ಮುಗಿಸಿತು. ಸೊಳ್ಳೆಪರದೆಯ ಲಾಡಿಗೂ ಇವರು ಬೇರೆ ಗಂಟು ಹಾಕಿದರು. ನಿನ್ನ ಗಂಟು ನಿಲ್ಲುವುದಿಲ್ಲ ಎಂದು ಇವರೂ ನಂಬಿದರು ಎಂದು ಆಗ ನನಗೆ ತಿಳಿಯಿತು. ನಾನು ಬಯಸಿದ್ದು ಅದನ್ನೇ. ಸಿಕ್ಕಿತು.

ಮಳೆಗಾಲ ಮುಗಿದ ಮೇಲೆ ಗೂಟ ಐತಪ್ಪನದ್ದಾಯಿತು. ನೀನು ಕಾರ್ಖಾನೆಯಲ್ಲಿ ತಲೆಯ ಮೇಲೆ ಹಸಿ ಹಂಚು ಹೊತ್ತೆ, ಇವರು ಎದುರಿಗೆ ಬಂದರೆ ಬದಿಗೆ ಸರಿದು ನಿಲ್ಲುತ್ತಿದ್ದೆಯಂತೆ. ಮತ್ತೊಂದು ವರ್ಷಕ್ಕೆ ನಿನ್ನನ್ನು ಶಿರ್ತಾಡಿಗೆ ಮದುವೆ ಮಾಡಿ ಕೊಟ್ಟರು, ಹೊಳೆಯೇ ಕಾಣದ ಊರಿಗೆ. ನಿನ್ನ ಅಪ್ಪ ಅದೇ ವರ್ಷ ತೀರಿಕೊಂಡ. ನೀರು ಹಾಕದ ಮಗಳು ಎಂದೇ ತಿಳಿದು ಹೋದ. ಅವನಿಗೆ ನಾನು ಇನ್ನು ಏನು ಹೇಳಲಿ, ಎಲ್ಲಿ ಹೇಳಲಿ.

ನನಗೆ ಆಮೇಲೆ ಮಗಳು ಹುಟ್ಟಿದಳು. ನೀನು ಹೇಳಿದ ಹಾಗೆಯೇ, ನಿಂತಿತು. ಅವಳನ್ನು ತಟ್ಟಿ ಮಲಗಿಸುವಾಗ ಮೂರನೆಯ ತಟ್ಟಿಗೆ ನನ್ನ ಕೈ ನಿಂತುಬಿಡುತ್ತಿತ್ತು.

ಕಳೆದ ತಿಂಗಳು ಮೂಡಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿದೆ. ನೀನು ನನ್ನನ್ನು ನೋಡುವ ಮುಂಚೆ ನಾನು ನಿನ್ನನ್ನು ನೋಡಿದ್ದೆ. ಒಂದು ಗೋಣಿಚೀಲ ಬಸ್ಸಿನ ಮೇಲೆ ಏರಿಸಬೇಕಿತ್ತು. ಮೇಲಿದ್ದ ಕಂಡಕ್ಟರ್ ಹಗ್ಗ ಬಿಟ್ಟು, "ಅಕ್ಕಾ, ಒಂದು ಗಂಟು ಹಾಕಿ, ಎಳೆಯುತ್ತೇನೆ" ಎಂದ.

"ನೀವೇ ಇಳಿದು ಹಾಕಿ. ನನ್ನ ಗಂಟು ನಿಲ್ಲುವುದಿಲ್ಲ."

"ಗಂಟಿಗೆ ಏನು ಅಕ್ಕಾ, ಯಾರು ಹಾಕಿದರೂ ನಿಲ್ಲುತ್ತದೆ."

"ಯಾರು ಹಾಕಿದರೂ ನಿಲ್ಲುತ್ತದೆ. ನಾನು ಹಾಕಿದರೆ ಇಲ್ಲ."

ಮನೆಯಲ್ಲಿ ಸಕ್ಕರೆ ಇಲ್ಲ ಎನ್ನುವ ಹಾಗೆ ನೀನು ಹೇಳಿದೆ. ಬೇಸರವಿಲ್ಲ, ಕೋಪವಿಲ್ಲ. ಕಂಡಕ್ಟರ್ ಗೊಣಗುತ್ತಾ ಇಳಿದು ಕಟ್ಟಿದ, ನೀನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದೆ. ಆಮೇಲೆ ನನ್ನನ್ನು ಕಂಡು ಹತ್ತಿರ ಬಂದೆ. "ಬಾಯಮ್ಮ ಅಲ್ಲವಾ? ಪೊರ್ಬುಗಳು ಹೇಗಿದ್ದಾರೆ? ಮಗು ಆಯಿತೆಂದು ಕೇಳಿದೆ, ತುಂಬಾ ಸಂತೋಷ ಆಯಿತು." ನಿನ್ನ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದೆ. ನಾನು ಏನೋ ಉತ್ತರ ಕೊಟ್ಟೆ. ಬಸ್ಸು ಹೊರಟಿತು.

ದೋಣಿ ಒಡೆದದ್ದು ಒಂದು ದಿನದ ಮಾತು ಎಂದುಕೊಂಡಿದ್ದೆ. ಹನ್ನೊಂದು ವರ್ಷದಿಂದ ದಿನವೂ ಅದು ಒಡೆಯುತ್ತಲೇ ಇದೆ ಎಂದು ಆ ಬಸ್‌ಸ್ಟ್ಯಾಂಡಿನಲ್ಲಿ ತಿಳಿಯಿತು.

ಮೊನ್ನೆ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಇವರಿಗೆ ಎಲ್ಲ ಹೇಳಿದೆ. ಇವರು ಶೂ ಬಿಚ್ಚುತ್ತಿದ್ದವರು ಒಂದು ಶೂವಿನಲ್ಲಿಯೇ ಕೂತರು. ಒಂದೇ ಪ್ರಶ್ನೆ ಕೇಳಿದರು. "ಅವಳು ಕೇಳಲಿಕ್ಕೆ ಬಂದಾಗ ನಾನು ಮನೆಯಲ್ಲಿ ಇದ್ದೆನಾ?"

"ಇದ್ದಿರಿ. ಕ್ಷೌರ ಮಾಡಿಕೊಳ್ಳುತ್ತಿದ್ದಿರಿ."

ಅಂದಿನಿಂದ ನನ್ನೊಡನೆ ಮಾತಿಲ್ಲ. ಅದು ನ್ಯಾಯವೇ. ಇಂದು ಬೆಳಿಗ್ಗೆ ಹಾಸಿಗೆ ಸರಿಮಾಡುವಾಗ ನೋಡಿದೆ, ಸೊಳ್ಳೆಪರದೆಯ ನಾಲ್ಕು ಮೂಲೆಯಲ್ಲಿಯೂ ಲಾಡಿಗಳನ್ನು ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಮೂರು ಸುತ್ತು, ಒಂದು ಕುಣಿಕೆ, ತುದಿ ಅಡಿಗೆ.

ನೀನು ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು, ಇದನ್ನು ಓದಬಲ್ಲೆ. ಆದರೆ ಅಂಚೆಯಲ್ಲಿ ಹಾಕುವುದಿಲ್ಲ. ಕಾಗದಕ್ಕೆ ಮುಖ ಇಲ್ಲ, ನೀನು ಉಗಿಯಬೇಕೆಂದರೂ ಎದುರಿಗೆ ಯಾರೂ ಇರುವುದಿಲ್ಲ. ನಾಳೆ ಕಡವಿಗೆ ಇಳಿಯುತ್ತೇನೆ. ಐತಪ್ಪ ಈಗಲೂ ಮೆಟ್ಟಿಲ ಮೇಲೆ ಕೂರುತ್ತಾನೆ, ಎಲ್ಲರಿಗೂ ಕೇಳುವ ಹಾಗೆ ಅವನಿಗೆ ಹೇಳುತ್ತೇನೆ. ಶನಿವಾರ ಮೊದಲ ಬಸ್ಸಿಗೆ ಹೊರಟು, ಮೂಡಬಿದಿರೆಯಲ್ಲಿ ಬಸ್ಸು ಬದಲಿಸಿ, ಶಿರ್ತಾಡಿಗೆ ಬರುತ್ತೇನೆ. ನಿನ್ನ ಗಂಡ ಇರಲಿ, ನೆರೆಕರೆಯವರು ಇರಲಿ. ಕ್ಷಮೆ ಕೇಳಲು ಬರುವುದಲ್ಲ, ಅದನ್ನು ಕೇಳುವ ಬಾಯಿ ನನಗಿಲ್ಲ. ನೀನು ಹಿತ್ತಿಲ ಬಾಗಿಲಲ್ಲಿ ಮಳೆಯಲ್ಲಿ ನಿಂತು ಒಂದು ಮಾತು ಕೇಳಿದ್ದೆ, ಅದಕ್ಕೆ ಉತ್ತರ ಹೇಳಲು ಬರುತ್ತೇನೆ.

ನೀನು ಮೂರು ಸುತ್ತು ಹಾಕಿದ್ದೆ. ಬೊಗಸೆ ತುಂಬ ನೀರು ಹಾಕಿದ್ದೆ. ಅಂಗೈಯಿಂದ ಮೂರು ಸಲ ತಟ್ಟಿದ್ದೆ, ಕಲ್ಯಾಣಿ. ನಾನು ನೋಡಿದೆ.